ಹೊರಳಿದ ಹಾಡು ಖರೇನ?



ಯಾರ ಹೆಸರಿನಲ್ಲಿ ಈ ದತ್ತಿ ಉಪನ್ಯಾಸ ನಡೆದಿದೆಯೋ ಆ ಹಿರಿಯರು ಜೀವಮಾನವಿಡೀ ಭಜನಿ ಮ್ಯಾಳದಲ್ಲಿ ಏಕತಾರಿ ಹಿಡಿದವರು. ಉಪನ್ಯಾಸ ಹಾಡಿಗೆ ಸಂಬಂಧಪಟ್ಟಿರಬೇಕು ಎಂಬುದೊಂದೇ ಮನೆಯವರ ಅಪೇಕ್ಷೆ. ಈ ಸಲದ ವಿಷಯವನ್ನು ನನಗೆ ಕೊಟ್ಟವರು ವಿದ್ಯಾರ್ಥಿಗಳು. ಮೊಬೈಲಿನಲ್ಲಿ ಜಗತ್ತಿನ ಹಾಡು ಕೇಳುವ ನಮ್ಮ ಹುಡುಗರು ಒಂದು ಪ್ರಶ್ನೆ ಹಿಡಿದು ಬಂದರು: ಹತ್ತು ವರ್ಷ ತಮ್ಮ ಬೇಸರ, ತಮ್ಮ ಪ್ರೀತಿ, ತಮ್ಮ ಸೋಮಾರಿತನ ಹಾಡಿಕೊಂಡಿದ್ದ ಅಮೆರಿಕದ ಪಂಕ್ ಬ್ಯಾಂಡೊಂದು ಚುನಾವಣೆಯ ವರ್ಷದಲ್ಲಿ ಇದ್ದಕ್ಕಿದ್ದಂತೆ ಯುದ್ಧದ ವಿರುದ್ಧ, ಅಧ್ಯಕ್ಷನ ವಿರುದ್ಧ ಹಾಡಿದರೆ ಅದು ಖರೇನ, ಇಲ್ಲಾ ಧಂದಾನ?

ಕೆಲವರಿಗೆ ಇದು ದೂರದ ಮಾತು ಅನ್ನಿಸಬಹುದು. ನನಗೆ ಹಾಗೆ ಅನ್ನಿಸಲಿಲ್ಲ. ಹಗಲು ಸರ್ಕಾರದ ಯೋಜನೆಯ ಪದ, ರಾತ್ರಿ ಕಡಕೋಳ ಮಡಿವಾಳಪ್ಪನವರ ತತ್ವಪದ, ಚುನಾವಣೆ ಬಂದರೆ ಅಭ್ಯರ್ಥಿಯ ಪದ, ಏಪ್ರಿಲ್ 14ಕ್ಕೆ ಬಾಬಾಸಾಹೇಬರ ಪದ ಹಾಡುವ ಗಾಯಕರು ಈ ಸಭೆಯಲ್ಲೇ ಕೂತಿದ್ದಾರೆ. ಒಂದೇ ಗಂಟಲು ಇಷ್ಟು ಕಡೆ ಹೊರಳುವ ಸೀಮೆಯಲ್ಲಿ, ಹೊರಳಿಕೆಯಲ್ಲಿ ಯಾವುದು ಖರೇ ಎಂದು ಕೇಳುವುದು ನಮ್ಮ ಮನೆಯ ಪ್ರಶ್ನೆಯೇ.

ಮೊದಲು ಆ ಬ್ಯಾಂಡಿನ ಸಂಗತಿ ಹೇಳಿಬಿಡುತ್ತೇನೆ. ಪಂಕ್ ಅನ್ನುವುದು 1970ರ ದಶಕದ ನಡುವೆ ನ್ಯೂಯಾರ್ಕ್, ಲಂಡನ್ ನಗರಗಳಲ್ಲಿ ಎದ್ದ ಸಂಗೀತ. ಮೂರು ಸ್ವರಗುಚ್ಛ ಬಂದರೆ ಸಾಕು, ಗಿಟಾರ್ ಎತ್ತಿಕೊಂಡು ಹಾಡು, ಉಸ್ತಾದನ ಅಪ್ಪಣೆ ಬೇಡ, ದೊಡ್ಡ ಕಂಪನಿ ಬೇಡ ಎಂಬುದು ಅದರ ಹಟ. ಗ್ರೀನ್ ಡೇ ಎಂಬ ಬ್ಯಾಂಡು ಈ ಹಟದ ಎರಡನೇ ತಲೆಮಾರಿನದು. ಕ್ಯಾಲಿಫೋರ್ನಿಯಾದ ಬರ್ಕ್ಲಿ ಊರಿನ ಗಿಲ್ಮನ್ ಬೀದಿಯಲ್ಲಿ ಹುಡುಗರೇ ಸೇರಿ ನಡೆಸುವ ಒಂದು ಸಭಾಂಗಣವಿತ್ತು. ಇವರು ಬೆಳೆದದ್ದು ಅಲ್ಲಿ. ದೊಡ್ಡ ಕಂಪನಿಗೆ ಸಹಿ ಹಾಕಿದ ಬ್ಯಾಂಡಿಗೆ ಆ ಸಭಾಂಗಣದಲ್ಲಿ ಜಾಗವಿರಲಿಲ್ಲ. ವಾರ್ನರ್ ಕಂಪನಿಯ ಬಳಗಕ್ಕೆ ಸೇರಿ 1994ರಲ್ಲಿ 'ಡೂಕಿ' ಎಂಬ ಆಲ್ಬಮ್ ತಂದಾಗ ಗ್ರೀನ್ ಡೇಗೆ ಜಗತ್ತಿನ ಬಾಗಿಲು ತೆರೆಯಿತು, ಗಿಲ್ಮನ್ ಬೀದಿಯ ಬಾಗಿಲು ಮುಚ್ಚಿತು. ಹತ್ತು ವರ್ಷದ ಮೇಲೆ, 2004ರ ಸೆಪ್ಟೆಂಬರಿನಲ್ಲಿ, ಇರಾಕ್ ಯುದ್ಧ ನಡೆದಿರುವಾಗ, ಅಧ್ಯಕ್ಷ ಬುಷ್ ಮರುಆಯ್ಕೆಗೆ ನಿಂತಿರುವಾಗ, 'ಅಮೆರಿಕನ್ ಈಡಿಯಟ್' ಬಂತು. ಮಾರಾಟ ಭರ್ಜರಿಯಾಯಿತು, ಗ್ರ್ಯಾಮಿ ಪ್ರಶಸ್ತಿ ಬಂತು, 2010ರಲ್ಲಿ ಬ್ರಾಡ್‌ವೇಯಲ್ಲಿ ಅದು ಸಂಗೀತ ನಾಟಕವೂ ಆಯಿತು. ಬುಷ್ ಮಾತ್ರ 2004ರ ನವೆಂಬರಿನಲ್ಲಿ ಮತ್ತೆ ಗೆದ್ದರು.

ಸಂಶಯ ಪಡುವವರು ಮೂರು ಮಾತು ಎತ್ತುತ್ತಾರೆ: ಸಮಯ ನೋಡಿ ಹೊರಳಿದರು, ದುಡ್ಡಾಯಿತು, ಹಿಂದೆ ಇವರು ಹೀಗಿರಲಿಲ್ಲ. ಸಮಯದ ಮಾತಿಗೆ ಉತ್ತರ ಸುಲಭ. ಯುದ್ಧದ ವಿರುದ್ಧದ ಹಾಡು ಯುದ್ಧದ ಕಾಲಕ್ಕಲ್ಲದೆ ಇನ್ನಾವಾಗ ಬರಬೇಕು? ಹಿಂದಿನ ಚರಿತ್ರೆಯ ಮಾತು ಅಷ್ಟು ಸುಲಭದ್ದಲ್ಲ. 2000ದ ಅವರ ಆಲ್ಬಮಿನಲ್ಲೇ ಬಹುಸಂಖ್ಯೆಯ ಜೊತೆ ಹೋಗುವುದಿಲ್ಲ ಎಂಬ ಧಾಟಿ ಕೇಳುತ್ತದೆ, ನಿಜ. ಆದರೆ ಅದಿಲ್ಲದಿದ್ದರೂ ನನ್ನ ತಕರಾರು ಇರುತ್ತಿರಲಿಲ್ಲ. ಹಿಂದೆ ಹಾಡಿರದಿದ್ದವನಿಗೆ ಇಂದು ಹಾಡುವ ಹಕ್ಕಿಲ್ಲ ಎಂದರೆ ಲೋಕದಲ್ಲಿ ಯಾರಿಗೂ ಬುದ್ಧಿ ಬರುವ ಹಕ್ಕೇ ಇರುವುದಿಲ್ಲ.

ಪಂಕ್‌ನ ಮೊದಲ ತಲೆಮಾರಿನಲ್ಲೇ ಇದಕ್ಕೂ ದುಡ್ಡಿನ ಮಾತಿಗೂ ದೊಡ್ಡ ಉತ್ತರ ಇದೆ. ಲಂಡನ್ನಿನ 'ದ ಕ್ಲ್ಯಾಶ್' ಬ್ಯಾಂಡನ್ನು ರಾಜಕೀಯ ಪಂಕ್‌ನ ಮೂಲಪುರುಷರಲ್ಲಿ ಎಣಿಸುತ್ತಾರೆ. ಅದರ ಗಾಯಕ ಜೋ ಸ್ಟ್ರಮ್ಮರ್ ರಾಯಭಾರ ಕಚೇರಿಯ ಅಧಿಕಾರಿಯ ಮಗ, ವಸತಿಶಾಲೆಯಲ್ಲಿ ಓದಿದವನು. ಕ್ಲ್ಯಾಶ್‌ಗೆ ಮುಂಚೆ ಪಬ್ಬುಗಳಲ್ಲಿ ಕುಣಿಸುವ ಹಾಡು ಹಾಡುತ್ತಿದ್ದ ಇನ್ನೊಂದು ಬ್ಯಾಂಡಿನಲ್ಲಿದ್ದವನು. 1977ರ ಜನವರಿಯಲ್ಲಿ ಇವರು ಸಿಬಿಎಸ್ ಕಂಪನಿಗೆ ಸಹಿ ಹಾಕಿದಾಗ ಪಂಕ್ ಸತ್ತಿತು ಎಂದು ತಮ್ಮವರೇ ಬರೆದರು. ಮರುವರ್ಷ, 1978ರ ಏಪ್ರಿಲ್ 30ರಂದು, ಲಂಡನ್ನಿನ ವಿಕ್ಟೋರಿಯಾ ಪಾರ್ಕಿನಲ್ಲಿ ಜನಾಂಗದ್ವೇಷದ ವಿರುದ್ಧ ನಡೆದ ಬಯಲು ಸಭೆಯಲ್ಲಿ ಅದೇ ಕ್ಲ್ಯಾಶ್ ಹಾಡಿತು. 1980ರಲ್ಲಿ ಮೂರು ತಟ್ಟೆಯ ಆಲ್ಬಮನ್ನು ಹುಡುಗರ ಕೈಗೆಟುಕುವ ಬೆಲೆಗೆ ಮಾರಬೇಕೆಂದು ಹಟ ಹಿಡಿದು ತಮ್ಮ ರಾಯಧನ ಬಿಟ್ಟುಕೊಟ್ಟಿತು. ಅಧಿಕಾರಿಯ ಮಗ, ಪಬ್ಬಿನ ಗಾಯಕ, ಕಂಪನಿಯ ಆಳು ಎಂಬ ಮೂರು ಆರೋಪಗಳೂ ಸತ್ಯ. ಹಾಡೂ ಸತ್ಯ.

ಹಾಗಾದರೆ ಅಳೆಯುವುದು ಹೇಗೆ? ಗಾಯಕನ ಎದೆ ಸೀಳಿ ನೋಡಲು ಯಾರಿಂದಲೂ ಆಗದು. ನಾನು ನೋಡುವುದು ಒಂದನ್ನೇ: ಆ ಹಾಡಿನಿಂದ ಯಾರಿಗೆ ನೋವಾಗುತ್ತದೋ ಅವರು ಗಾಯಕನಿಂದ ಎಷ್ಟು ದೂರದಲ್ಲಿದ್ದಾರೆ? ದೂರದ ದೊರೆಯನ್ನು ಬೈದು, ಎದುರಿಗೆ ಕೂತವರಿಂದ ಚಪ್ಪಾಳೆ ಗಿಟ್ಟಿಸುವುದಕ್ಕೆ ಎದೆಗಾರಿಕೆ ಬೇಕಿಲ್ಲ. ಎದುರಿಗೆ ಕೂತವರು, ಊಟ ಹಾಕಿದವರು, ಸಂಭಾವನೆ ಕೊಟ್ಟವರು, ತನ್ನದೇ ಓಣಿಯವರು ಮುಖ ಸಿಂಡರಿಸುವ ಮಾತು ಹಾಡಿನಲ್ಲಿ ಇದ್ದರೆ ಅಲ್ಲಿ ಹೊರಳಿಕೆ ಖರೇ ಆಗಿರುವ ಸಂಭವ ಹೆಚ್ಚು.

ಅದೇ ಕಾಲದ ಅಮೆರಿಕದಲ್ಲೇ ಇದಕ್ಕೆ ಕಣ್ಣಿಗೆ ಹೊಡೆಯುವ ಉದಾಹರಣೆ ಇದೆ. ಆಗ 'ಡಿಕ್ಸಿ ಚಿಕ್ಸ್' ಎಂಬ ಹೆಸರಿದ್ದ ಮೂವರು ಹೆಣ್ಣುಮಕ್ಕಳ ತಂಡ ಪಂಕ್ ಹಾಡುವವರಲ್ಲ. ಟೆಕ್ಸಸ್‌ನ ಹಳ್ಳಿಗಾಡಿನ ಕಂಟ್ರಿ ಸಂಗೀತದವರು. ಅವರ ಕೇಳುಗರಲ್ಲಿ ಬಹುಮಂದಿ ಬುಷ್ ಪರ, ಯುದ್ಧದ ಪರ. 2003ರ ಮಾರ್ಚ್ 10ರಂದು, ಇರಾಕಿನ ಮೇಲೆ ದಾಳಿಗೆ ಇನ್ನು ಹತ್ತು ದಿನ ಇರುವಾಗ, ಲಂಡನ್ನಿನ ವೇದಿಕೆಯಲ್ಲಿ ತಂಡದ ಗಾಯಕಿ ನಟಾಲಿ ಮೇನ್ಸ್ ಅಧ್ಯಕ್ಷ ತಮ್ಮ ರಾಜ್ಯದವನೆಂಬುದಕ್ಕೆ ನಾಚಿಕೆಯಾಗುತ್ತದೆ ಎಂಬರ್ಥದ ಒಂದು ಮಾತು ಆಡಿದರು. ಊರಿಗೆ ಮರಳುವಷ್ಟರಲ್ಲಿ ರೇಡಿಯೋ ಕೇಂದ್ರಗಳು ಅವರ ಹಾಡು ನಿಲ್ಲಿಸಿದ್ದವು, ಅವರ ಸಿ.ಡಿ.ಗಳನ್ನು ರಾಶಿ ಹಾಕಿ ಯಂತ್ರ ಹರಿಸಿ ಪುಡಿ ಮಾಡಿದರು. ಕೊಲೆ ಬೆದರಿಕೆ ಬಂತು. 2007ರ ಗ್ರ್ಯಾಮಿಯಲ್ಲಿ ಅವರಿಗೆ ಐದು ಪ್ರಶಸ್ತಿ ಬಂದರೂ ಕಂಟ್ರಿ ರೇಡಿಯೋದ ಬಾಗಿಲು ಮೊದಲಿನಂತೆ ತೆರೆಯಲಿಲ್ಲ. ಗ್ರೀನ್ ಡೇಯ ಕೇಳುಗರು ಬಹುಪಾಲು ಬುಷ್‌ಗೆ ಮೊದಲೇ ಎದುರಿದ್ದವರು, ಈ ಹೆಣ್ಣುಮಕ್ಕಳ ಕೇಳುಗರು ಬುಷ್‌ನ ಜೊತೆಗಿದ್ದವರು. ಒಂದೇ ಯುದ್ಧ, ಒಂದೇ ಅಧ್ಯಕ್ಷ, ಆದರೆ ತೆತ್ತ ಬೆಲೆಯಲ್ಲಿ ಅಜಗಜಾಂತರ.

ಇಷ್ಟಾದರೂ ಗ್ರೀನ್ ಡೇ ಬಗ್ಗೆ ನನ್ನ ತೀರ್ಪು ಅವರ ಪರವಾಗಿಯೇ ಇದೆ. ಆ ಆಲ್ಬಮ್ ಅಧ್ಯಕ್ಷನಿಗಿಂತ ಹೆಚ್ಚಾಗಿ ಟಿವಿ ಮುಂದೆ ಕೂತು ಭಯವನ್ನೂ ದ್ವೇಷವನ್ನೂ ನುಂಗುವ ಮಧ್ಯಮವರ್ಗದ ಮನೆಯನ್ನು ತಿವಿಯುತ್ತದೆ, ಸಿ.ಡಿ. ಕೊಂಡವರು ಅದೇ ಮನೆಗಳ ಮಕ್ಕಳು. ಇನ್ನೊಂದು ಕಾರಣ, ಅವರು ಅದನ್ನು ಬಿಟ್ಟುಬಿಡಲಿಲ್ಲ. 2023ರ ಡಿಸೆಂಬರ್ 31ರ ರಾತ್ರಿ ಇಡೀ ದೇಶ ನೋಡುವ ಹೊಸ ವರ್ಷದ ಟಿವಿ ಕಾರ್ಯಕ್ರಮದಲ್ಲಿ ಬ್ಯಾಂಡಿನ ಗಾಯಕ ಬಿಲ್ಲಿ ಜೋ ಆರ್ಮ್‌ಸ್ಟ್ರಾಂಗ್ ಆ ಆಲ್ಬಮಿನ ಶೀರ್ಷಿಕೆ ಹಾಡಿನ ಪದವೊಂದನ್ನು ಬದಲಿಸಿ ಟ್ರಂಪ್ ಬಳಗದ ಮೇಲೆ ತಿರುಗಿಸಿದರು. ಸಂತೋಷಕ್ಕೆ ಸೇರಿದ ಸಭೆಯಲ್ಲಿ, ಎಲ್ಲ ಪಕ್ಷದವರೂ ನೋಡುವ ಹೊತ್ತಿನಲ್ಲಿ ಅದನ್ನು ಹಾಡಿದ್ದಕ್ಕೆ ಬೈಗುಳ ತಿಂದರು. ಸೀಜನ್ ಮುಗಿದು ಸುಮಾರು ಇಪ್ಪತ್ತು ವರ್ಷವಾದ ಮೇಲೂ ಹಾಡುವುದನ್ನು ಧಂದಾ ಎನ್ನಲು ನನ್ನ ನಾಲಿಗೆ ಬರುವುದಿಲ್ಲ.

ಇನ್ನು ನಮ್ಮ ಯಾದಗಿರಿ ಸೀಮೆಗೆ ಬರೋಣ.

ಕಡಕೋಳ ಇಲ್ಲಿಂದ ಬಹಳ ದೂರವೇನಲ್ಲ. ಮಡಿವಾಳಪ್ಪನವರನ್ನು ನಾವು ತತ್ವಪದಕಾರರು ಅನ್ನುತ್ತೇವೆ, ರಾಜಕೀಯ ಗಾಯಕರು ಅನ್ನುವುದಿಲ್ಲ. ನಾನು ಅನ್ನುತ್ತೇನೆ. ಅವರು ಮಠದೊಳಗೆ ಇದ್ದುಕೊಂಡೇ ಮಠದ ಆಡಂಬರವನ್ನು ಹಂಗಿಸಿದರು, ಜಾತಿಯನ್ನೂ ಮಡಿಯನ್ನೂ ಹಂಗಿಸಿದರು. ಅವರ ಶಿಷ್ಯರನ್ನು ನೋಡಿ: ಚನ್ನೂರ ಜಲಾಲಸಾಬ, ಖೈನೂರ ಕೃಷ್ಣಪ್ಪ, ರಾಂಪೂರ ಬಕ್ಕಪ್ಪ, ಕಡ್ಲೇವಾಡ ಸಿದ್ದಪ್ಪ, ಅರಳಗುಂಡಗಿಯ ಭಾಗಮ್ಮ. ಮುಸಲ್ಮಾನರೊಬ್ಬರು, ಹೆಣ್ಣುಮಗಳೊಬ್ಬರು, ಬೇರೆಬೇರೆ ಕಸುಬಿನವರು ಒಬ್ಬ ಗುರುವಿನ ಕೆಳಗೆ ಕೂತು ಪದ ಕಟ್ಟಿದ್ದೇ ಆ ಕಾಲಕ್ಕೆ ದೊಡ್ಡ ರಾಜಕೀಯ. ಆ ಪದಗಳಿಂದ ನೋವಾಗುತ್ತಿದ್ದವರು ದೂರದ ಹೈದರಾಬಾದಿನ ನಿಜಾಮನಲ್ಲ. ಓಣಿಯ ಗೌಡ, ಪಕ್ಕದ ಮಠದ ಸ್ವಾಮಿ, ಒಂದೇ ಪಂಕ್ತಿಯಲ್ಲಿ ಉಣ್ಣಲು ಒಲ್ಲೆನೆಂದ ನೆಂಟ. ತೊಂದರೆ ಕೊಡಬಲ್ಲಷ್ಟು ಹತ್ತಿರದವರು. ಮಡಿವಾಳಪ್ಪನವರ ಪದ ಮುಗಿಯುವುದು ಗುರು ಮಹಾಂತನ ಅಂಕಿತದಲ್ಲಿ. ಇದನ್ನು ಭಕ್ತಿಯ ಮರ್ಯಾದೆ ಎಂದಷ್ಟೇ ಓದುವುದು ಸಾಲದು. ಅಂಕಿತ ಹಾಕಿದ ಮೇಲೆ ಪದ ಗುರುವಿನದು, ಮ್ಯಾಳದ್ದು. ಇದನ್ನು ಕಟ್ಟಿದವನು ಪ್ರಾಮಾಣಿಕನೋ ಅಲ್ಲವೋ ಎಂಬ ಚರ್ಚೆಗಿಂತ ನಾಳೆ ರಾತ್ರಿ ಇದನ್ನು ಎತ್ತಿಕೊಂಡು ಹಾಡುವವರು ಇದ್ದಾರೋ ಇಲ್ಲವೋ ಎಂಬುದು ಮುಖ್ಯವಾಗುತ್ತದೆ. ಕಂಪನಿಯ ಹೆಸರು, ಗಾಯಕನ ಚಿತ್ರ, ಹಕ್ಕುಸ್ವಾಮ್ಯದ ಗುರುತು ಅಂಟಿಕೊಂಡ ಹಾಡಿಗೆ ಈ ಸೌಭಾಗ್ಯ ಇಲ್ಲ. ಪಂಕ್ ಹುಡುಗರು ಗಿಲ್ಮನ್ ಬೀದಿಯಲ್ಲಿ ಕಂಪನಿಯನ್ನು ಹೊರಗಿಟ್ಟು ಕಾಯಲು ನೋಡಿದ್ದು ಇದನ್ನೇ ಇರಬೇಕು.

ಲಾವಣಿಯ ಕತೆ ಇನ್ನೂ ನೇರವಾದದ್ದು. ಲಾವಣಿ ಅಂದರೆ ಮೂಲದಲ್ಲಿ ಶೃಂಗಾರ, ಸವಾಲು-ಜವಾಬು, ಕಲ್ಗಿ-ತುರಾಯಿಯ ಜಿದ್ದು. ಗಂಡು ಮೇಲೋ ಹೆಣ್ಣು ಮೇಲೋ ಎಂದು ಬೆಳಗಿನತನಕ ವಾದ. ಅಂಥ ಮನರಂಜನೆಯ ಹಾಡುಗಾರರ ಕೈಗೆ 1857ರಲ್ಲಿ ಹಲಗಲಿ ಬಂತು. ಆಯುಧ ಒಪ್ಪಿಸಬೇಕೆಂಬ ಕಾಯ್ದೆಯನ್ನು ಒಪ್ಪದೆ ಹಲಗಲಿಯ ಬೇಡರು ಎದ್ದರು, ಇಂಗ್ಲಿಷರ ದಂಡು ಊರು ಸುಟ್ಟಿತು, ಹಿಡಿದವರನ್ನು ಗಲ್ಲಿಗೇರಿಸಿತು. ಒಬ್ಬ ಲಾವಣಿಕಾರ ಅದನ್ನು ಲಾವಣಿ ಮಾಡಿದ. ಬ್ರಿಟಿಷ್ ಅಧಿಕಾರಿ ಫ್ಲೀಟ್ ಇಂಥ ಲಾವಣಿಗಳನ್ನು ಸಂಗ್ರಹಿಸಿ 1880ರ ದಶಕದಲ್ಲಿ 'ಇಂಡಿಯನ್ ಆಂಟಿಕ್ವೆರಿ' ಪತ್ರಿಕೆಯಲ್ಲಿ ಅಚ್ಚು ಮಾಡಿಸಿದ್ದರಿಂದ ಅದು ಕಾಗದಕ್ಕೂ ಸಿಕ್ಕಿತು. ಇಂದು ಹತ್ತನೇ ತರಗತಿಯ ಹುಡುಗರು ಅದನ್ನು ಪಠ್ಯವಾಗಿ ಓದುತ್ತಾರೆ. ಆ ಲಾವಣಿಕಾರನನ್ನು ಯಾರೂ, ನೀನು ನಿನ್ನೆಯವರೆಗೆ ಶೃಂಗಾರ ಹಾಡಿದವರ ಸಾಲಿನವನು, ಇವತ್ತು ಹಲಗಲಿ ಹಾಡುವುದಕ್ಕೆ ನಿನಗೇನು ಅಧಿಕಾರ ಎಂದು ಕೇಳುವುದಿಲ್ಲ. ಮುಂದೆ ಗಾಂಧಿಯುಗದಲ್ಲಿ ಹುಲಕುಂದದ ಕವಿಗಳು ಗೀಗೀ ಪದವನ್ನು ಸ್ವಾತಂತ್ರ್ಯ ಚಳವಳಿಗೆ ತಿರುಗಿಸಿದರು. ಅವರನ್ನೂ ನಾವು ಕೇಳಲಿಲ್ಲ. ಗಿಟಾರ್ ಹಿಡಿದವನನ್ನು ಮಾತ್ರ ಕೇಳುತ್ತೇವೆ. ಈ ಪಕ್ಷಪಾತವನ್ನು ನಾವು ಬಿಡಬೇಕು.

ಹಲಗಲಿ ಎದ್ದ ಮರುವರ್ಷ ಸುರಪುರ ಎದ್ದಿತು. ರಾಜಾ ವೆಂಕಟಪ್ಪ ನಾಯಕರನ್ನು ಬಾಲ್ಯದಲ್ಲಿ ನೋಡಿಕೊಂಡ ಮೆಡೋಸ್ ಟೇಲರ್ ತಮ್ಮ ಆತ್ಮಕತೆಯಲ್ಲಿ ಆ ದುರಂತವನ್ನು ಸಂಕಟದಿಂದ ಬರೆದಿದ್ದಾರೆ. 1858ರ ಫೆಬ್ರವರಿಯ ಕಾಳಗ, ಹೈದರಾಬಾದಿನಲ್ಲಿ ಬಂಧನ, ಅದೇ ವರ್ಷ ಸಾವು, 1860ರಲ್ಲಿ ಸಂಸ್ಥಾನ ನಿಜಾಮನ ಪಾಲು. ಇವೆಲ್ಲ ಈ ಸೀಮೆಯ ಮಕ್ಕಳಿಗೆ ಬಾಯಿಪಾಠ. ನಾನು ಇಲ್ಲಿ ಹೇಳಬೇಕೆಂದಿರುವುದು ಬೇರೆ. ನಿಜಾಮನ ಆಡಳಿತದಲ್ಲಿ, 1948ರ ಸೆಪ್ಟೆಂಬರಿನ ಮುಂಚೆ, ನಾಯಕರ ಪದವನ್ನು ಬಹಿರಂಗವಾಗಿ ಹಾಡುವವನ ಎದೆ ಹೇಗಿರಬೇಕಿತ್ತು ಯೋಚಿಸಿ. ಇಂದು ಅದೇ ಪದವನ್ನು ಎಲ್ಲ ಪಕ್ಷದವರೂ ಕೂತ ವೇದಿಕೆಯಲ್ಲಿ ಧ್ವನಿವರ್ಧಕ ಹಚ್ಚಿ ಹಾಡುತ್ತೇವೆ, ಎಲ್ಲರೂ ತಲೆದೂಗುತ್ತಾರೆ. ಪದ ಅದೇ, ರಾಗ ಅದೇ. ನೋವಾಗುವವರು ಮಾತ್ರ ಉಳಿದಿಲ್ಲ. ಅದನ್ನು ಹಾಡಬೇಡಿ ಎನ್ನುತ್ತಿಲ್ಲ. ನೆನಪಿನ ಹಾಡು ಊರಿಗೆ ಬೇಕು. ಆದರೆ ನೆನಪಿನ ಹಾಡು ಹಾಡಿ ಹೋರಾಟದ ಹಾಡು ಹಾಡಿದೆ ಎಂದು ನಾವು ನಂಬಿಕೊಳ್ಳಬಾರದು.

ನಮ್ಮ ಕಾಲದ ಹೋರಾಟದ ಹಾಡು ಎಂದರೆ 1970ರ ದಶಕದ ಹಾಡು. 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂತು. ದಲಿತ ಸಂಘರ್ಷ ಸಮಿತಿ, ಸಮುದಾಯ, ಬಂಡಾಯ ಸಾಹಿತ್ಯ ಸಂಘಟನೆ ಎಂದು ಹತ್ತು ವರ್ಷದಲ್ಲಿ ಕರ್ನಾಟಕದ ಗಂಟಲೇ ಬದಲಾಯಿತು. ಸಿದ್ಧಲಿಂಗಯ್ಯನವರು ಆಮೇಲೆ ಎರಡು ಬಾರಿ ವಿಧಾನ ಪರಿಷತ್ ಸದಸ್ಯರಾದರು, ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷರಾದರು, 2015ರಲ್ಲಿ ಶ್ರವಣಬೆಳಗೊಳದ ಸಾಹಿತ್ಯ ಸಮ್ಮೇಳನದ ಸರ್ವಾಧ್ಯಕ್ಷರಾದರು. ಪುಟ್ಟಣ್ಣ ಕಣಗಾಲರ 'ಧರಣಿ ಮಂಡಲ ಮಧ್ಯದೊಳಗೆ' ಸಿನಿಮಾಕ್ಕೆ ಪ್ರೇಮಗೀತೆ ಬರೆದರು. ಕವಿ ಮೆತ್ತಗಾದರು ಎಂಬ ಆರೋಪ ಅವರ ಕೊನೆಯವರೆಗೂ ಇತ್ತು. 2021ರ ಜೂನ್‌ನಲ್ಲಿ ಕೋವಿಡ್ ಅವರನ್ನು ಒಯ್ದಿತು. ಅವರ ಹಾಡು ಈಗಲೂ ಜಿಲ್ಲಾಧಿಕಾರಿ ಕಚೇರಿ ಎದುರಿನ ಧರಣಿಯಲ್ಲಿ ಕೇಳುತ್ತದೆ. ಕವಿಯ ಬಗ್ಗೆ ತಕರಾರು ಇರುವವರೂ ಅದನ್ನೇ ಹಾಡುತ್ತಾರೆ. ಕವಿ ಎಲ್ಲಿ ನಿಂತ ಎಂಬ ವಿಚಾರಣೆ ಹಾಡನ್ನು ಮುಟ್ಟಲು ಆಗಲಿಲ್ಲ.

ಚಿತ್ತಾಪುರ ಸೀಮೆಯ ಚೆನ್ನಣ್ಣ ವಾಲೀಕಾರರು ನಮಗೆ ಇನ್ನೂ ಹತ್ತಿರದವರು. ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಕನ್ನಡ ಕಲಿಸಿದವರು, 2019ರಲ್ಲಿ ತೀರಿಕೊಂಡರು. ಬಾಬಾಸಾಹೇಬರು ಹೋದ ಮೇಲಿನ ತಮ್ಮವರ ಪಾಡನ್ನು ಬಾಬಾಸಾಹೇಬರಿಗೇ ಹೇಳಿಕೊಳ್ಳುವ ಅವರ ಪದವನ್ನು ಯಾದಗಿರಿಯ ಯಾವ ಓಣಿಯಲ್ಲಿ ಹಾಡುವುದಿಲ್ಲ? ಹಾಡುವ ಅರ್ಧ ಜನಕ್ಕೆ ಕವಿಯ ಹೆಸರು ಗೊತ್ತಿಲ್ಲ. ನನ್ನ ಅಳತೆಗೆ ಆ ಪದ ಸರಿಯಾಗಿ ಕೂರುತ್ತದೆ, ಯಾಕೆಂದರೆ ಅದರಲ್ಲಿ ಮೇಲ್ಜಾತಿಯವರ ಮೇಲಿನ ದೂರಿಗಿಂತ ಆಳವಾದ ಒಂದು ದೂರು ಇದೆ: ನಿನ್ನ ಹೆಸರು ಹೇಳುವ ನಾವು ನಿನ್ನ ರಥವನ್ನು ಎಲ್ಲಿಗೆ ತಂದು ನಿಲ್ಲಿಸಿದ್ದೇವೆ ಎಂಬ ಸಂಕಟ. ಜಯಂತಿಯ ದಿನ ಅದನ್ನು ಕೇಳುತ್ತ ವೇದಿಕೆಯ ಮೇಲೆ ಕೂರುವ ಮುಖಂಡನಿಗೆ ಅದು ಚುಚ್ಚಲೇಬೇಕು. ಚುಚ್ಚದಿದ್ದರೆ ತಪ್ಪು ಪದದ್ದಲ್ಲ.

ಈಗ ತೆಲಂಗಾಣದ ನಕ್ಸಲ್ ಹೋರಾಟದ ಹಾಡುಗಾರ ಗದ್ದರ್. ಗುರುಮಠಕಲ್ ಕಡೆಯವರಿಗೆ ಅವರನ್ನು ಪರಿಚಯಿಸಬೇಕಿಲ್ಲ. ನಾರಾಯಣಪೇಟ ದಾರಿಯಿಂದ ಬಂದ ಅವರ ಕ್ಯಾಸೆಟ್ಟುಗಳು ನನ್ನ ವಯಸ್ಸಿನವರ ನೆನಪಿನಲ್ಲಿವೆ. ಹೊರಳಿಕೆಯ ಪ್ರಶ್ನೆ ಇಷ್ಟು ತೀವ್ರವಾಗಿ ಎದುರಾಗುವ ಇನ್ನೊಂದು ಬದುಕು ದಖ್ಖನ್ನಿನಲ್ಲಿ ನನಗೆ ಕಾಣುವುದಿಲ್ಲ. ಗುಮ್ಮಡಿ ವಿಠಲ ರಾವ್ ಎಂಬ ಯುವಕ ಮೊದಲು ಬಾಪೂಜಿ ಹೆಸರಿನ ಬುರ್ರಕಥಾ ತಂಡ ಕಟ್ಟಿ ಕುಟುಂಬ ಯೋಜನೆಯಂಥ ಸರ್ಕಾರಿ ವಿಷಯಗಳನ್ನು ಹಾಡಿದವರು. ಈ ಜಿಲ್ಲೆಯ ಕಲಾತಂಡಗಳು ಇವತ್ತು ಮಾಡುವ ಕೆಲಸವೇ ಅದು. ಚಿತ್ರ ನಿರ್ದೇಶಕ ಬಿ. ನರಸಿಂಗರಾವ್ ಅವರ ಕಲಾಬಳಗದ ಸಂಗದಲ್ಲಿ ಆ ಗಂಟಲು ಹೊರಳಿತು; ಜನ ನಾಟ್ಯ ಮಂಡಲಿ ಹುಟ್ಟಿತು; ಗದರ್ ಪಕ್ಷದ ಹೆಸರೇ ಗಾಯಕನ ಹೆಸರಾಯಿತು. ಕೆನರಾ ಬ್ಯಾಂಕಿನಲ್ಲಿ ಗುಮಾಸ್ತಿಕೆ ಸಿಕ್ಕಿತ್ತು, 1984ರಲ್ಲಿ ಅದನ್ನು ಬಿಟ್ಟರು. ವರ್ಷಗಟ್ಟಲೆ ಭೂಗತರಾದರು. 1990ರಲ್ಲಿ ಹೊರಬಂದು ಹೈದರಾಬಾದಿನ ನಿಜಾಮ್ ಕಾಲೇಜು ಮೈದಾನದಲ್ಲಿ ಹಾಡಿದಾಗ ಜನಸಾಗರ. 1997ರ ಏಪ್ರಿಲ್ 6ರಂದು ಮನೆಗೇ ಬಂದು ಗುಂಡು ಹೊಡೆದರು. ಒಂದು ಗುಂಡು ಬೆನ್ನಿನಲ್ಲಿ ಉಳಿಯಿತು, ಅದನ್ನು ಹೊತ್ತುಕೊಂಡೇ ಅವರು ಇಪ್ಪತ್ತಾರು ವರ್ಷ ಹಾಡಿದರು.

ಆಮೇಲೆ ಎರಡನೇ ಹೊರಳಿಕೆ. ಮತಪೆಟ್ಟಿಗೆಯನ್ನು ತಿರಸ್ಕರಿಸಿದ್ದ ಮನುಷ್ಯ 2018ರ ಡಿಸೆಂಬರಿನಲ್ಲಿ ಜೀವನದ ಮೊದಲ ಮತ ಹಾಕಿದರು. ದೇವಸ್ಥಾನಗಳಿಗೆ ಹೋದರು. 2023ರ ಜುಲೈನಲ್ಲಿ ಖಮ್ಮಂ ಸಭೆಯಲ್ಲಿ ರಾಹುಲ್ ಗಾಂಧಿಯವರನ್ನು ಅಪ್ಪಿಕೊಂಡರು. ಮರುತಿಂಗಳು, ಆಗಸ್ಟ್ 6ರಂದು, ತೀರಿಕೊಂಡರು. ಸರ್ಕಾರಿ ಗೌರವದೊಂದಿಗೆ, ಅಂದರೆ ಪೊಲೀಸರ ವಂದನೆಯೊಂದಿಗೆ, ಅವರೇ ಕಟ್ಟಿದ ಶಾಲೆಯ ಆವರಣದಲ್ಲಿ ಮಣ್ಣು ಮಾಡಿದರು. ಇಂದು ತೆಲಂಗಾಣ ಸರ್ಕಾರದ ಸಿನಿಮಾ ಪ್ರಶಸ್ತಿಗೆ ಅವರ ಹೆಸರು.

ಯಾವ ಗದ್ದರ್ ಖರೇ? ಮೊದಲ ಹೊರಳಿಕೆಯನ್ನು ಯಾರೂ ಪ್ರಶ್ನಿಸುವುದಿಲ್ಲ. ಬೆನ್ನಿನ ಗುಂಡು ಅದಕ್ಕೆ ಸಾಕ್ಷಿ. ಎರಡನೆಯದನ್ನು ಅವರ ಹಳೆಯ ಸಂಗಾತಿಗಳೇ ದ್ರೋಹ ಅಂದರು. ನನ್ನ ಅಳತೆಯನ್ನು ನಾನು ಇಲ್ಲೂ ಇಟ್ಟು ನೋಡಬೇಕು. 2018ರ ಆ ಮತ ಯಾರಿಗೆ ನೋವು ಮಾಡಿತು? ಮೂವತ್ತು ನಲವತ್ತು ವರ್ಷ ಜೊತೆಗಿದ್ದವರಿಗೆ. ಅವರ ಹಾಡು ಕೇಳಿ ಕಾಡು ಸೇರಿದ ಮಕ್ಕಳ ತಾಯಂದಿರಿಗೂ ಇರಬಹುದು. ಅಷ್ಟು ಹತ್ತಿರದವರ ಮುಖ ಎದುರಿಸಿ, ಬಂದೂಕಿನ ದಾರಿ ಮುಗಿಯಿತು, ಸಂವಿಧಾನದ ದಾರಿ ಇದೆ ಎಂದು ಹೇಳುವುದಕ್ಕೆ ಬೇಕಾದ ಧೈರ್ಯ ಸಣ್ಣದಲ್ಲ. ಆ ಮಾತು ಎಂದೋ ಹೇಳಬೇಕಿತ್ತು ಎಂದು ನನಗೆ ಅನ್ನಿಸುತ್ತದೆ. ಹೇಳಿದ್ದನ್ನು ಸುಳ್ಳು ಅನ್ನಲಾರೆ. ಖಮ್ಮಂ ವೇದಿಕೆಯ ಅಪ್ಪುಗೆಯ ಬಗ್ಗೆ ನನಗೆ ಅಷ್ಟು ಸಮಾಧಾನವಿಲ್ಲ. ಒಂದು ಪಕ್ಷದ ವೇದಿಕೆ ಹತ್ತಿದ ಗಾಯಕನಿಗೆ ಆ ವೇದಿಕೆಯ ಮೇಲೆ ಕೂತವರನ್ನು ಕುರಿತು ಹಾಡುವುದು ಕಷ್ಟವಾಗುತ್ತದೆ. ಸತ್ತ ಮೇಲೆ ಪ್ರಶಸ್ತಿಗೆ ಹೆಸರಿಟ್ಟವರು ಆ ಪದಗಳಲ್ಲಿ ಎಷ್ಟನ್ನು ಪ್ರಶಸ್ತಿಯ ಸಮಾರಂಭದಲ್ಲಿ ಹಾಡಿಸಿಯಾರು ಎಂಬುದನ್ನೂ ನಾವು ಕೇಳಬೇಕು.

ಬೆಂಗಳೂರಿನ ಬ್ಯಾಂಡುಗಳ ಬಗ್ಗೆ ಹುಡುಗರು ಕೇಳಿದ್ದರು. ಹೆಚ್ಚು ಹೇಳುವುದಿಲ್ಲ, ಒಂದು ಹೋಲಿಕೆ ಸಾಕು. 'ಸ್ವರಾತ್ಮ' ತಂಡದ ಎರಡು ಪ್ರಸಿದ್ಧ ಹಾಡುಗಳಿವೆ. ಒಂದು, ಕಾವೇರಿ ಜಗಳದ ನಡುವೆ ನದಿಯೇ ಬಾಯಾರಿದ್ದೇನೆ ಎನ್ನುವ 'ಪ್ಯಾಸಿ'. ಇನ್ನೊಂದು, ಜನರಿಗೆ ಟೋಪಿ ಹಾಕುವ ರಾಜಕಾರಣಿಗಳ ಮೇಲಿನ, 2012ರ ಆಲ್ಬಮಿನ 'ಟೋಪಿವಾಲೆ'. ಭ್ರಷ್ಟಾಚಾರ ವಿರೋಧಿ ಚಳವಳಿಯ ಆ ದಿನಗಳಲ್ಲಿ ಎರಡನೆಯದಕ್ಕೆ ಸಿಕ್ಕ ಚಪ್ಪಾಳೆ ಸಹಜ. ಟೋಪಿ ಹಾಕುವವನು ಬೇರೆ ಯಾರೋ ಎಂದು ಪ್ರತಿ ಕೇಳುಗನೂ ಅಂದುಕೊಳ್ಳಬಹುದು. ಕಾವೇರಿ ನೀರು ಕುಡಿಯುವ ಊರಿನಲ್ಲಿ ನಿಂತು, ಹೊಡೆದಾಡುವ ಎರಡು ಕಡೆಯವರನ್ನೂ ಬಿಟ್ಟು ನದಿಯ ಪರ ವಹಿಸುವುದು ಅದಕ್ಕಿಂತ ಕಷ್ಟದ್ದು. ಹೆಚ್ಚು ರಾಜಕೀಯ ಎನಿಸಿಕೊಂಡ ಹಾಡಿಗಿಂತ ಕಡಿಮೆ ರಾಜಕೀಯ ಎನಿಸಿಕೊಂಡ ಹಾಡೇ ನನ್ನ ಲೆಕ್ಕದಲ್ಲಿ ದಿಟ್ಟವಾದದ್ದು.

ಕೊನೆಗೆ ಈ ಸಭೆಯಲ್ಲಿ ಕೂತ ಗಾಯಕರ ಮಾತು. ಶಹಾಪುರ ತಾಲ್ಲೂಕಿನ ಒಬ್ಬ ಹಾಡುಗಾರರು ನನ್ನ ಹತ್ತಿರ ಅಂದರು: "ಸರ, ಚುನಾವಣಿ ಬಂದ್ರ ಮೂರೂ ಪಾರ್ಟಿಯವರಿಗಿ ಪದ ಕಟ್ಟಿಕೊಡ್ತೀನ್ರಿ. ರಾಗ ಒಂದ, ಹೆಸರು ಬ್ಯಾರೆ. ಹೊಟ್ಟಿ ಐತಲ್ರಿ." ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ ಎಂದು ನಾನು ಅವರಿಗೆ ಹೇಳಿದೆ, ನಿಮ್ಮೆದುರಿಗೂ ಹೇಳುತ್ತೇನೆ. ಅದು ಕೂಲಿ. ಬಟ್ಟೆ ಹೊಲಿಯುವ ದರ್ಜಿ ಮೂರೂ ಪಕ್ಷದ ಬಾವುಟ ಹೊಲಿದರೆ ಅವನ ಪ್ರಾಮಾಣಿಕತೆ ಯಾರೂ ಕೇಳುವುದಿಲ್ಲ. ಹಾಡುಗಾರನಿಗೆ ಬೇಸಿಗೆಯಲ್ಲಿ ಕೆಲಸವಿಲ್ಲ, ಮಾಸಾಶನ ಸಿಗುವುದು ಮುದುಕನಾದ ಮೇಲೆ, ಅದೂ ಅರ್ಜಿ ಹಿಡಿದು ತಿರುಗಿದ ಮೇಲೆ. ಅವನ ಹೊರಳಿಕೆಯನ್ನು ಸಂಶಯದಿಂದ ನೋಡುವ ನಾವು ಅವನ ಹೊಟ್ಟೆಯ ಲೆಕ್ಕವನ್ನೂ ಇಟ್ಟುಕೊಂಡಿರಬೇಕು. ಆದರೆ ಅದೇ ಹಾಡುಗಾರರು ರಾತ್ರಿ ಇನ್ನೊಂದು ಪದ ಹಾಡಿದರು. ಅವರದೇ ಕಟ್ಟೋಣ. ಬಸವಸಾಗರ ತುಂಬಿದೆ, ಕಾಲುವೆಯ ಮೇಲ್ತುದಿಯವರು ಎರಡು ಬೆಳೆ ಭತ್ತ ತೆಗೆಯುತ್ತಾರೆ, ಕೊನೆಯ ಹೊಲಕ್ಕೆ ನೀರು ಮುಟ್ಟುವುದಿಲ್ಲ, ಕೊನೆಯ ಹೊಲದವನು ಬೆಂಗಳೂರಿಗೆ ಗುಳೆ ಹೋಗಿ ಇಟ್ಟಿಗೆ ಹೊರುತ್ತಾನೆ ಎಂಬ ಪದ. ಸರ್ಕಾರವನ್ನು ಅದು ಬೈಯುವುದಿಲ್ಲ. ಮೇಲ್ತುದಿಯಲ್ಲಿ ತೂಬು ಒಡೆದು ನೀರು ತಿರುಗಿಸಿಕೊಳ್ಳುವ ಅಣ್ಣನನ್ನು ಕೇಳುತ್ತದೆ. ಆ ಅಣ್ಣಂದಿರಲ್ಲಿ ಕೆಲವರು ಅಲ್ಲೇ ಗುಡಿಯ ಕಟ್ಟೆಯ ಮೇಲೆ ಕೂತಿದ್ದರು. ಇಬ್ಬರು ಎದ್ದು ಹೋದರು.

ಇದನ್ನು ಚುನಾವಣೆಯ ಸಭೆಯಲ್ಲಿ ಯಾಕೆ ಹಾಡುವುದಿಲ್ಲ ಎಂದು ಕೇಳಿದೆ. ಯಾರೂ ಹಾಡಿಸುವುದಿಲ್ಲ ಅಂದರು.

ಪ್ರಶ್ನೆ ತಂದ ವಿದ್ಯಾರ್ಥಿಗಳಲ್ಲಿ ಮೂರು ನಾಲ್ಕು ಮಂದಿ ಕನ್ನಡದಲ್ಲಿ ರ್‍ಯಾಪ್ ಬರೆಯುತ್ತಾರೆ. ನನಗೆ ಓದಿ ತೋರಿಸಿದ್ದಾರೆ. ಅಮೆರಿಕದ ಮೇಲೆ ಇದೆ, ದಿಲ್ಲಿಯ ಮೇಲೆ ಇದೆ, ಬೆಂಗಳೂರಿನವರು ನಮ್ಮ ಮಾತಿಗೆ ನಗುತ್ತಾರೆ ಎಂಬುದರ ಮೇಲೆ ಬಹಳ ಚೆನ್ನಾಗಿದೆ. ತಮ್ಮ ಊರಿನ ಹೋಟೆಲಿನಲ್ಲಿ ಯಾರಿಗೆ ಬೇರೆ ಲೋಟ ಇಡುತ್ತಾರೆ ಎಂಬುದರ ಮೇಲೆ, ತಮ್ಮ ಅಕ್ಕನನ್ನು ಹದಿನೈದಕ್ಕೆ ಯಾರು ಮದುವೆ ಮಾಡಿಕೊಟ್ಟರು ಎಂಬುದರ ಮೇಲೆ, ಗುಳೆ ಹೋಗುವವರಿಗೆ ಮುಂಗಡ ಕೊಟ್ಟು ಕಟ್ಟಿಹಾಕುವ ಮುಕದ್ದಮ ಯಾರ ಮಾವ ಎಂಬುದರ ಮೇಲೆ ಇನ್ನೂ ಬರೆದಿಲ್ಲ. ಬರೆದಾಗ ಮೊದಲು ಮೊಬೈಲಿಗೆ ಹಾಕಬೇಡಿ. ಮೊದಲು ಅದನ್ನು ನಿಮ್ಮ ಓಣಿಯ ಭಜನಿ ಮ್ಯಾಳದವರ ಮುಂದೆ ಹಾಡಿ. ದಪ್ಪು ಹಿಡಿದ ಆ ಹಿರಿಯರು ರ್‍ಯಾಪ್ ಅರ್ಥವಾಗದು ಎಂದು ಎದ್ದು ಹೋಗುವವರಲ್ಲ. ಯಾವ ಸಾಲಿಗೆ ತಾಳ ನಿಲ್ಲುತ್ತದೆ, ಯಾವ ಸಾಲಿಗೆ ಯಾರು ತಲೆ ತಗ್ಗಿಸುತ್ತಾರೆ ನೋಡಿ ಅವರೇ ಹೇಳುತ್ತಾರೆ.